ನೆರೆಗಾಲದ ಕರೆಕೊಠಡಿಗಳಿಗೆ ಮುಯ್ಯಾಳಿನ ವ್ಯವಸ್ಥೆ

ನಟ್ಟಿಯ ಕಾಲದಲ್ಲಿ ಒಂದು ಮನೆಯ ಗದ್ದೆಗೆ ಆಳು ಸಾಲದೆ ಹೋದರೆ ನೆರೆಮನೆಯವರು ಬಂದು, ಹದ ತಪ್ಪುವುದರೊಳಗಾಗಿ ನೇಜಿಯನ್ನು ನೆಟ್ಟುಕೊಡುವುದೂ, ಆ ಮನೆಯವರು ಮುಂದೆ ಅಷ್ಟೇ ದಿನಗಳ ಕೆಲಸವನ್ನು ಇವರ ಗದ್ದೆಯಲ್ಲಿ ಮಾಡಿ ಋಣ ತೀರಿಸುವುದೂ ಕನ್ನಡ ನಾಡಿನ ಬೇಸಾಯಗಾರರಲ್ಲಿ ಪೂರ್ವದಿಂದ ನಡೆದುಬಂದ ಪದ್ಧತಿಯಾಗಿದೆ. ಇದಕ್ಕೆ ಮುಯ್ಯಾಳು ಎಂದು ಹೆಸರು. ಇದರಲ್ಲಿ ಕೂಲಿಯ ಲೆಕ್ಕವಿಲ್ಲ. ದಿನದ ಲೆಕ್ಕ ಮಾತ್ರ ಉಂಟು. ಎಲ್ಲರ ಗದ್ದೆಗೂ ಒಂದೇ ದಿನ ಹದ ಬರುವುದಿಲ್ಲವಾದ ಕಾರಣ ಈ ಪದ್ಧತಿಯು ಸಾಧ್ಯವಾಯಿತು. ಒಬ್ಬನಿಗೆ ಬಿಡುವಿರುವ ದಿವಸವೇ ಇನ್ನೊಬ್ಬನಿಗೆ ಅವಸರದ ದಿವಸವಾಗಿರುವುದು.

ಇದೇ ನೀತಿಯನ್ನು ಮಳೆ, ನೆರೆ, ಬಿರುಗಾಳಿಗಳ ಸಮಯದಲ್ಲಿ ಜನರ ದೂರವಾಣಿ ಕರೆಗಳನ್ನು ಸ್ವೀಕರಿಸುವ ಸರ್ಕಾರಿ ಕೊಠಡಿಗಳಿಗೆ ಅನ್ವಯಿಸುವ ಬಗೆ ಹೇಗೆ, ಅದರಿಂದ ಆಗುವ ಪ್ರಯೋಜನವೇನು, ಅದರಲ್ಲಿ ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಪಾಲು ಎಷ್ಟು ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸ್ಥಿತಿಗತಿಗಳನ್ನನುಸರಿಸಿ ಕೆಳಗೆ ವಿವರಿಸಲಾಗಿದೆ.

ಸೀಮೆಯ ಸ್ವರೂಪ

ಈ ಮೂರು ತಾಲೂಕುಗಳೂ 1997ರಲ್ಲಿ ದಕ್ಷಿಣ ಕನ್ನಡದಿಂದ ಪ್ರತ್ಯೇಕವಾದ ಉಡುಪಿ ಜಿಲ್ಲೆಗೆ ಸೇರಿದವು. ಇವುಗಳಲ್ಲಿ ಬೈಂದೂರು ಮತ್ತು ಬ್ರಹ್ಮಾವರಗಳು ಈಚಿನ ವರ್ಷಗಳಲ್ಲಿ ಸ್ವತಂತ್ರ ತಾಲೂಕುಗಳಾದವು. ಪೂರ್ವಕ್ಕೆ ಸಹ್ಯಾದ್ರಿಯ ಘಟ್ಟ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ನಡುವಿನ ಭೂಮಿಯು ಅಗಲದಲ್ಲಿ ಕಿರಿದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಘಟ್ಟದ ಮೇಲೆ ಸುರಿದ ನೀರು ಕೆಲವೇ ಗಂಟೆಗಳಲ್ಲಿ ತಗ್ಗಿನ ಗದ್ದೆಬಯಲುಗಳಿಗೆ ಇಳಿಯುತ್ತದೆ. ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಪಂಚಗಂಗಾವಳಿಯೆನಿಸಿ ಸಮುದ್ರಕ್ಕೆ ಸೇರುತ್ತವೆ. ಬ್ರಹ್ಮಾವರದ ಕಡೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಬಳಿ ಕಡಲನ್ನು ಸೇರುತ್ತವೆ. ಘಟ್ಟದ ನೀರು ಇಳಿಯುವ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ಅಳಿವೆಯಲ್ಲಿ ನೀರು ಮುಂದೆ ಹೋಗದೆ ಹಿಂದಕ್ಕೊತ್ತಿ ಕುದ್ರುಗಳೂ ಬಯಲುಗಳೂ ಮುಳುಗುವುವು. ನಾವುಂದ, ನಾಡ, ಬಡಾಕೆರೆಗಳಂಥ ಸೌಪರ್ಣಿಕೆಯ ದಡದ ಊರುಗಳವರಿಗೂ ನೀಲಾವರದಂಥ ಸೀತಾನದಿಯ ದಡದ ಊರುಗಳವರಿಗೂ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಎರಡು ಅನುಭವಗಳು

2020ನೆಯ ಇಸವಿ ಸೆಪ್ಟೆಂಬರ್ 20ನೆಯ ತಾರೀಕು, ಉತ್ತರೆ ಮಳೆಯ ಕಾಲದಲ್ಲಿ, ಒಂದೇ ರಾತ್ರಿ ಸುರಿದ ವಿಪರೀತ ಮಳೆಯಿಂದ ಸೀತಾ, ಸ್ವರ್ಣಾ ನದಿಗಳು ದಡ ಮೀರಿ ಹರಿದು, ಉಡುಪಿ ಬ್ರಹ್ಮಾವರಗಳ ಕಡೆಯ ಅನೇಕ ಗ್ರಾಮಗಳ ಮನೆಗಳಿಗೆ ನೀರು ನುಗ್ಗಿತು. ಜನರು ಮಲಗಿದ್ದ ಹೊತ್ತಿನಲ್ಲಿ ಬಂದ ನೆರೆಯಾದುದರಿಂದ ಬೆಳಗಾಗುವುದರೊಳಗೆ ಸಹಾಯ ಬೇಡುವ ಕರೆಗಳು ಒಮ್ಮೆಲೇ ಒದಗಿದವು. ಹೊರಗಿನ ರಕ್ಷಣಾಪಡೆಗಳು ಬಂದು ತಲಪುವವರೆಗೆ ಮೀನುಗಾರರ ದೋಣಿಗಳೂ ಊರಿನ ತರುಣರೂ ಅಗ್ನಿಶಾಮಕ ದಳದವರೂ ಜನರನ್ನು ದಾಟಿಸಿದರು.

ಮರುವರ್ಷ, 2021ರ ಮೇ 15 ಮತ್ತು 16ರಂದು, ತೌಕ್ತೆ ಎಂಬ ಚಂಡಮಾರುತವು ಪಶ್ಚಿಮ ಸಮುದ್ರದಲ್ಲಿ ಉತ್ತರಕ್ಕೆ ಸಾಗುತ್ತ ಈ ತೀರವನ್ನು ಬಡಿಯಿತು. ಮುಂಗಾರು ಇನ್ನೂ ಪ್ರಾರಂಭವಾಗದ ಕೃತ್ತಿಕೆಯ ದಿನಗಳಲ್ಲಿ ಬೈಂದೂರು ತಾಲೂಕಿನ ನಾಡದಲ್ಲಿ ಒಂದು ದಿನಕ್ಕೆ 385 ಮಿಲಿಮೀಟರು ಮಳೆ ದಾಖಲಾಯಿತು. ಮರಗಳು ವಿದ್ಯುತ್ ತಂತಿಗಳ ಮೇಲೆ ಬಿದ್ದವು. ಕಡಲು ಮರವಂತೆಯ ಕಡೆಯ ತೀರವನ್ನು ಕೊರೆಯಿತು. ಆ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಎರಡನೆಯ ಅಲೆಯಿದ್ದು, ರಾಜ್ಯವೆಲ್ಲ ನಿರ್ಬಂಧದಲ್ಲಿದ್ದುದರಿಂದ ಸರ್ಕಾರದ ನೌಕರರಲ್ಲಿ ಅನೇಕರು ಮೊದಲೇ ವ್ಯಾಧಿಯ ಕೆಲಸದಲ್ಲಿ ತೊಡಗಿದ್ದರು.

ಈ ಎರಡು ಸಂಗತಿಗಳನ್ನು ಹೋಲಿಸಿ ನೋಡಿದರೆ ಒಂದು ತತ್ವವು ಗೋಚರವಾಗುವುದು. ಮೊದಲನೆಯದರಲ್ಲಿ ತೆಂಕಣ ನದಿಗಳ ಸೀಮೆಗೆ ಹೆಚ್ಚಿನ ಪೆಟ್ಟು ಬಿದ್ದಿತು; ಎರಡನೆಯದರಲ್ಲಿ ಬಡಗಣ ತೀರಕ್ಕೆ ಹೆಚ್ಚಿನ ಪೆಟ್ಟು ಬಿದ್ದಿತು. ಗದ್ದೆಗಳ ಹದದಂತೆಯೇ ವಿಪತ್ತುಗಳೂ ಎಲ್ಲ ತಾಲೂಕುಗಳಿಗೆ ಒಂದೇ ಗಳಿಗೆಯಲ್ಲಿ ಒಂದೇ ಪ್ರಮಾಣದಲ್ಲಿ ಬರುವುದು ಅಪರೂಪ. ಆದಕಾರಣ ಇಲ್ಲಿಯೂ ಮುಯ್ಯಾಳಿಗೆ ಅವಕಾಶವುಂಟು.

ಕರೆಗಳನ್ನು ಸ್ವೀಕರಿಸುವವರು ಯಾರು

ಗ್ರಾಮಸ್ಥರಲ್ಲಿ ಬಹುಮಂದಿಗೆ ಯಾವ ಸಂಖ್ಯೆಗೆ ಕರೆದರೆ ಯಾರು ಮಾತನಾಡುವರೆಂಬುದು ಸ್ಪಷ್ಟವಿರುವುದಿಲ್ಲ. 112 ಎಂಬುದು ಪೊಲೀಸು, ಅಗ್ನಿಶಾಮಕ ಮುಂತಾದ ಎಲ್ಲ ತುರ್ತು ಸಹಾಯಕ್ಕೆ ಏಕಸಂಖ್ಯೆಯಾಗಿದ್ದು, ರಾಜ್ಯದ ಕೇಂದ್ರ ಕೊಠಡಿಯಲ್ಲಿ ಸ್ವೀಕೃತವಾಗಿ ಅಲ್ಲಿಂದ ಜಿಲ್ಲೆಗೆ ರವಾನೆಯಾಗುವುದು. 108 ಎಂಬುದು 2008ರ ನವೆಂಬರಿನಲ್ಲಿ ಪ್ರಾರಂಭವಾದ ಆರೋಗ್ಯ ಕವಚದ ಆಂಬುಲೆನ್ಸು ಸಂಖ್ಯೆ. 1077 ಎಂಬುದು ಜಿಲ್ಲಾಧಿಕಾರಿಯವರ ಕಚೇರಿಯ ವಿಪತ್ತು ನಿಯಂತ್ರಣ ಕೊಠಡಿಯದು. ವಿದ್ಯುತ್ತಿನ ಕಂಬ ತಂತಿಗಳ ವಿಷಯಕ್ಕೆ 1912, ಜಾನುವಾರುಗಳ ಚಿಕಿತ್ಸೆಗೆ 1962, ಕಡಲಿನಲ್ಲಿ ದೋಣಿ ಅಪಾಯಕ್ಕೆ ಸಿಕ್ಕಿದರೆ ಕರಾವಳಿ ಕಾವಲು ಪೊಲೀಸರ 1093 ಮತ್ತು ತಟರಕ್ಷಣಾ ಪಡೆಯ 1554 ಇವೆ. ಇವಲ್ಲದೆ ಮಳೆಗಾಲದಲ್ಲಿ ತಾಲೂಕು ಕಚೇರಿಗಳಲ್ಲಿಯೂ ಹಗಲಿರುಳು ನಿಯಂತ್ರಣ ಕೊಠಡಿಗಳನ್ನು ತೆರೆಯಲಾಗುತ್ತದೆ.

ಇವುಗಳಲ್ಲಿ ರಾಜ್ಯದ ಕೊಠಡಿಗೆ ಆಳುಗಳು ಹೆಚ್ಚು, ಆದರೆ ಊರಿನ ಪರಿಚಯ ಕಡಿಮೆ. ತಾಲೂಕಿನ ಕೊಠಡಿಗೆ ಊರಿನ ಪರಿಚಯ ಹೆಚ್ಚು, ಆದರೆ ಆಳುಗಳು ಕಡಿಮೆ. ಈ ಎರಡನೆಯ ಕೊರತೆಯೇ ಈ ಲೇಖನದ ವಿಷಯವಾಗಿದೆ.

ಒಂದು ಕೊಠಡಿಯು ಏಕೆ ಸೋಲುವುದು

ವಾರಕ್ಕೆ 168 ಗಂಟೆಗಳು. ಒಬ್ಬ ನೌಕರನು ವಾರಕ್ಕೆ 48 ಗಂಟೆ ಕೆಲಸ ಮಾಡುವನೆಂದಿಟ್ಟುಕೊಂಡರೆ ಒಂದೇ ಒಂದು ದೂರವಾಣಿಯ ಮುಂದೆ ಹಗಲಿರುಳು ಒಬ್ಬನಾದರೂ ಕುಳಿತಿರಬೇಕಾದರೆ ಮೂರೂವರೆ ಆಳು ಬೇಕು. ರಜೆ ಕಾಯಿಲೆಗಳನ್ನು ಸೇರಿಸಿದರೆ ನಾಲ್ವರು. ಎರಡು ದೂರವಾಣಿಗಳಿಗೆ ಎಂಟು ಮಂದಿ. ಇದು ಸಾಧಾರಣ ದಿನಗಳ ಲೆಕ್ಕ.

ಇನ್ನು ನೆರೆಯ ರಾತ್ರಿಯ ಲೆಕ್ಕವನ್ನು ಉದಾಹರಣೆಗಾಗಿ ನೋಡತಕ್ಕದ್ದು. ಒಂದು ಕರೆಯಲ್ಲಿ ಹೆಸರು, ಸ್ಥಳ, ಅಪಾಯದ ಸ್ವರೂಪ ಇವುಗಳನ್ನು ಕೇಳಿ ಬರೆದುಕೊಳ್ಳಲು 4 ನಿಮಿಷ ಹಿಡಿದರೆ ಒಬ್ಬನು ಗಂಟೆಗೆ 15 ಕರೆಗಳನ್ನೂ, ಇಬ್ಬರು 30 ಕರೆಗಳನ್ನೂ ಸ್ವೀಕರಿಸಬಲ್ಲರು. ಆ ಗಂಟೆಯಲ್ಲಿ 90 ಕರೆಗಳು ಬಂದರೆ 60 ಮಂದಿಗೆ ಉತ್ತರವೇ ದೊರೆಯುವುದಿಲ್ಲ. ಉತ್ತರ ದೊರೆಯದವರು ಸುಮ್ಮನಿರದೆ ಮತ್ತೆ ಮತ್ತೆ ಕರೆಯುವುದರಿಂದ ದಾರಿಯು ಇನ್ನಷ್ಟು ಮುಚ್ಚಿಹೋಗುವುದು. ಆಗ ನಾಲ್ವರು ಮುಯ್ಯಾಳುಗಳು ಬಂದು ಕುಳಿತರೆ ಮಾತ್ರ ಎಲ್ಲರಿಗೂ ಉತ್ತರ ಸಿಗುವುದು. ಅಲ್ಲದೆ ಕೊಠಡಿಯಲ್ಲಿ ಕುಳಿತವರೂ ಅದೇ ಊರಿನವರು. ಅವರ ಮನೆಗೂ ನೀರು ಬಂದಿರಬಹುದು. ಪಾಳಿ ಬದಲಾಯಿಸಬೇಕಾದವನು ರಸ್ತೆ ಮುಳುಗಿ ಬಾರದಿರಬಹುದು. ಹದಿನಾರು ಗಂಟೆ ನಿದ್ರೆಯಿಲ್ಲದೆ ಕುಳಿತವನು ಊರಿನ ಹೆಸರನ್ನು ತಪ್ಪಾಗಿ ಬರೆದರೆ ದೋಣಿಯು ತಪ್ಪಾದ ದಡಕ್ಕೆ ಹೋಗುವುದು.

ಉತ್ತರ ಸಿಗದ ಕರೆಯ ಬೆಲೆ ಎಷ್ಟೆಂಬುದಕ್ಕೆ ಲಂಡನ್ ನಗರದ ಒಂದು ದೃಷ್ಟಾಂತವಿದೆ. 1935ನೆಯ ಇಸವಿಯಲ್ಲಿ ಅಲ್ಲಿಯ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಸ್ತ್ರೀಯರು ಮೃತರಾದರು. ನೆರೆಮನೆಯವನು ಅಗ್ನಿಶಾಮಕ ದಳಕ್ಕೆ ದೂರವಾಣಿ ಮಾಡಲು ಪ್ರಯತ್ನಿಸಿದರೂ ವಿನಿಮಯ ಕೇಂದ್ರದಲ್ಲಿ ಇತರ ಕರೆಗಳ ಸಾಲಿನಲ್ಲಿ ಸಿಕ್ಕಿಕೊಂಡನು. ಈ ದುರಂತದ ವಿಚಾರಣೆಯ ಫಲವಾಗಿ 1937ರಲ್ಲಿ 999 ಎಂಬ ತುರ್ತು ಸಂಖ್ಯೆಯು ಅಲ್ಲಿ ಪ್ರಾರಂಭವಾಯಿತು. ಸಂಖ್ಯೆಯೊಂದಿದ್ದರೆ ಸಾಲದು, ಅದಕ್ಕೆ ಉತ್ತರಿಸುವ ಆಳು ಆ ಕ್ಷಣದಲ್ಲಿಯೇ ಇರಬೇಕೆಂಬುದು ಇದರಿಂದ ತಿಳಿಯತಕ್ಕ ಪಾಠ.

ಇತರ ಸೀಮೆಗಳಲ್ಲಿ ಮಾಡಿರುವ ಏರ್ಪಾಡುಗಳು

ಅಮೆರಿಕಾ ದೇಶದ ರಾಜ್ಯಗಳು ವಿಪತ್ತಿನಲ್ಲಿ ಒಂದಕ್ಕೊಂದು ಆಳು ಸಾಮಗ್ರಿಗಳನ್ನು ಕೊಟ್ಟು ಸಹಾಯ ಮಾಡಿಕೊಳ್ಳುವ ಒಡಂಬಡಿಕೆಯನ್ನು 1996ರಲ್ಲಿ ಆ ದೇಶದ ಶಾಸನಸಭೆಯು ಅಂಗೀಕರಿಸಿತು. ಚಂಡಮಾರುತಕ್ಕೆ ಸಿಕ್ಕಿದ ಊರಿನ ತುರ್ತು ದೂರವಾಣಿ ಕೊಠಡಿಗೆ ಬೇರೆ ಊರುಗಳ ಕೊಠಡಿಗಳಿಂದ ಶಿಕ್ಷಿತ ಆಳುಗಳನ್ನು ತಂಡವಾಗಿ ಕಳುಹಿಸುವ ಕ್ರಮವೂ ಅಲ್ಲಿ ರೂಢಿಗೆ ಬಂದಿದೆ. ಬಂದ ತಂಡದವರು ಸ್ಥಳೀಯ ಮುಖ್ಯಸ್ಥನ ಆಜ್ಞೆಯಲ್ಲಿ ಕೆಲಸ ಮಾಡುವರೇ ಹೊರತು ತಾವೇ ಅಧಿಕಾರ ನಡೆಸುವುದಿಲ್ಲ.

ನೆರೆಯ ಕೇರಳದಲ್ಲಿ 2018ರ ಆಗಸ್ಟ್ ತಿಂಗಳ ಮಹಾಪೂರದ ಕಾಲಕ್ಕೆ ಸರ್ಕಾರದ ಕೊಠಡಿಗಳೊಡನೆ ವಿದ್ಯಾರ್ಥಿಗಳೂ ಸ್ವಯಂಸೇವಕರೂ ಸೇರಿ ಸಹಾಯದ ಕೋರಿಕೆಗಳನ್ನು ಸ್ವೀಕರಿಸಿ, ಕೋರಿದವರಿಗೆ ಮರಳಿ ಕರೆಮಾಡಿ ವಿಚಾರಿಸಿ, ದೋಣಿಯವರಿಗೆ ತಿಳಿಸಿದರು. ಅಲ್ಲಿ ಉಂಟಾದ ದೊಡ್ಡ ತೊಡಕೆಂದರೆ, ಒಂದೇ ಮನೆಯ ಕೋರಿಕೆಯು ಹಲವರ ಮೂಲಕ ಹಲವು ಸಲ ಬಂದು, ಆ ಮನೆಯವರನ್ನು ದಾಟಿಸಿದ ಮೇಲೆಯೂ ಹಳೆಯ ಕೋರಿಕೆಯೇ ಸುತ್ತುತ್ತಿದ್ದುದು. ಆದುದರಿಂದ ಕರೆಯನ್ನು ಬರೆದುಕೊಳ್ಳುವುದು ಎಷ್ಟು ಮುಖ್ಯವೋ, ಕೆಲಸವಾದ ಮೇಲೆ ಅದನ್ನು ಮುಗಿದುದೆಂದು ಗುರುತಿಸುವುದೂ ಅಷ್ಟೇ ಮುಖ್ಯವೆಂದು ತಿಳಿಯತಕ್ಕದ್ದು.

ಭಾರತದಲ್ಲಿ 2005ನೆಯ ಇಸವಿಯ ವಿಪತ್ತು ನಿರ್ವಹಣಾ ಅಧಿನಿಯಮದ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ವಿಪತ್ತಿನ ಸಮಯದಲ್ಲಿ ಜಿಲ್ಲೆಯ ಯಾವುದೇ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಬಳಿಯಿರುವ ಸಾಧನಗಳನ್ನು ಉಪಯೋಗಕ್ಕೆ ಬಿಡಿಸುವ ಅಧಿಕಾರವು 34ನೆಯ ಪ್ರಕರಣದಿಂದ ಆ ಪ್ರಾಧಿಕಾರಕ್ಕೆ ಪ್ರಾಪ್ತವಾಗಿದೆ. ಆಪದ ಮಿತ್ರ ಎಂಬ ಯೋಜನೆಯು 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಾರಂಭವಾಗಿ, ಅನಂತರ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತರಬೇತುಗೊಳಿಸುವ ಉದ್ದೇಶದಿಂದ ವಿಸ್ತರಿಸಲ್ಪಟ್ಟಿತು. ಆದುದರಿಂದ ಕಾನೂನಿನ ಆಧಾರವೂ ಜನಬಲದ ಬೀಜವೂ ಇವೆ. ಅವುಗಳನ್ನು ಕರೆಕೊಠಡಿಯ ಕೆಲಸಕ್ಕೆ ಮಳೆಗೆ ಮುಂಚೆಯೇ ಹೊಂದಿಸಿಡುವುದು ಮಾತ್ರ ಬೇಕಾಗಿರುವುದು.

ಮುಯ್ಯಾಳನ್ನು ಏರ್ಪಡಿಸುವ ಕ್ರಮ

ಈ ಸಹಾಯವನ್ನು ಎರಡು ವಿಧದಲ್ಲಿ ಮಾಡಬಹುದು. ಮೊದಲನೆಯದು, ಆಳು ಹೋಗುವುದು. ಎಂದರೆ ಬ್ರಹ್ಮಾವರದ ಶಿಕ್ಷಿತ ನೌಕರನು ಬೈಂದೂರಿನ ಕೊಠಡಿಗೆ ಹೋಗಿ ಕುಳಿತುಕೊಳ್ಳುವುದು. ಎರಡನೆಯದು, ಕರೆ ಹೋಗುವುದು; ಎಂದರೆ ಬೈಂದೂರಿನಲ್ಲಿ ಉತ್ತರಿಸಲಾರದ ಕರೆಗಳನ್ನು ದೂರವಾಣಿಯ ಮೂಲಕವೇ ಬ್ರಹ್ಮಾವರದ ಕೊಠಡಿಗೆ ತಿರುಗಿಸಿ, ಅಲ್ಲಿ ಬರೆದುಕೊಂಡ ವಿವರವನ್ನು ಕೂಡಲೇ ಬೈಂದೂರಿಗೆ ಕಳುಹಿಸುವುದು. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಮರ ಬಿದ್ದಾಗ ಅಥವಾ ನೀರು ನಿಂತಾಗ ಆಳು ಹೋಗುವುದು ಕಷ್ಟವಾದುದರಿಂದ ಮೊದಲ ಗಂಟೆಗಳಿಗೆ ಎರಡನೆಯ ವಿಧವೂ, ನೆರೆಯು ಹಲವು ದಿನ ನಿಂತರೆ ಮೊದಲನೆಯ ವಿಧವೂ ಉತ್ತಮ. ಮೂರು ತಾಲೂಕುಗಳಿಗೂ ಒಂದೇ ಸಲ ಆಪತ್ತು ಬಂದರೆ ಘಟ್ಟದ ಮೇಲಿನ, ಮಳೆ ಕಡಿಮೆಯಾದ ಜಿಲ್ಲೆಗಳಿಂದ ಈ ಸಹಾಯ ಬರುವಂತೆ ಜಿಲ್ಲಾ ಪ್ರಾಧಿಕಾರದ ಮೂಲಕ ಮೊದಲೇ ಮಾತಾಡಿಕೊಂಡಿರತಕ್ಕದ್ದು.

ಮುಯ್ಯಾಳಾಗಿ ಬರಲು ಯೋಗ್ಯರು ಯಾರೆಂದರೆ: ರೈತ ಸಂಪರ್ಕ ಕೇಂದ್ರದ ಮತ್ತು ಇತರ ಇಲಾಖೆಗಳ ನೌಕರರು, ಶಾಲೆಗಳ ಉಪಾಧ್ಯಾಯರು, ವ್ಯವಸಾಯ ಸೇವಾ ಸಹಕಾರಿ ಸಂಘಗಳ ಗುಮಾಸ್ತರು, ನಿವೃತ್ತ ದೂರವಾಣಿ ನೌಕರರು, ನಿವೃತ್ತ ಸೈನಿಕರು, ಕಾಲೇಜಿನ ವಿದ್ಯಾರ್ಥಿ ಸ್ವಯಂಸೇವಕರು. ಇವರಲ್ಲಿ ಇರಬೇಕಾದ ಗುಣಗಳು ಮೂರು: ಸ್ಪಷ್ಟವಾಗಿ ಕೇಳಿ ಬರೆಯುವ ಅಭ್ಯಾಸ, ತಾಳ್ಮೆ, ಮತ್ತು ಜನರ ಭಾಷೆಗಳ ಪರಿಚಯ.

ಭಾಷೆಯ ವಿಷಯವು ಅಲ್ಪವಾದುದಲ್ಲ. ಸೀತಾನದಿಯ ಬಡಗಣ ಊರುಗಳಲ್ಲಿ ಕುಂದಗನ್ನಡವೂ, ತೆಂಕಣ ಊರುಗಳಲ್ಲಿ ತುಳುವೂ, ಪೇಟೆ ಬಂದರುಗಳಲ್ಲಿ ಕೊಂಕಣಿ, ಬ್ಯಾರಿ, ನವಾಯತಿ ಭಾಷೆಗಳೂ ಬಳಕೆಯಲ್ಲಿವೆ. ಭಯಗೊಂಡವನು ತನ್ನ ಮನೆಮಾತಿನಲ್ಲಿಯೇ ಮಾತಾಡುವನು. "ಹೊಳಿ ನೀರ್ ಅಂಗ್ಳಕ್ ಬಂತ್ ಮಾರಾಯ್ರೆ, ದೋಣಿ ಕಳ್ಸಿ" ಎಂದು ಒಬ್ಬ ಮುದುಕಿಯು ನಡುರಾತ್ರಿ ಕೂಗಿದರೆ, ಆ ಸೀಮೆಯವನಿಗೆ ಅದು ಒಡನೆ ತಿಳಿಯುವುದು. ದೂರದ ಪಟ್ಟಣದವನು ಎರಡು ಸಲ ಕೇಳಬೇಕಾಗುವುದು. ಆದುದರಿಂದ ಮುಯ್ಯಾಳುಗಳ ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಅವನಿಗೆ ಬರುವ ಭಾಷೆಗಳನ್ನು ಬರೆದಿಡತಕ್ಕದ್ದು.

ಸ್ಥಳನಾಮಗಳ ವಿಷಯವೂ ಹೀಗೆಯೇ. ಬೆಟ್ಟು, ಹಾಡಿ, ಕುದ್ರು, ಕೋಡಿ ಎಂಬ ಹೆಸರುಗಳು ಈ ಸೀಮೆಯಲ್ಲಿ ಹೆಜ್ಜೆಹೆಜ್ಜೆಗೂ ಸಿಕ್ಕುವುವು. ಕೋಡಿ ಎಂಬುದೊಂದನ್ನೇ ತೆಗೆದುಕೊಂಡರೆ ಕುಂದಾಪುರದ ಬಳಿ ಒಂದು, ಬ್ರಹ್ಮಾವರ ತಾಲೂಕಿನ ಕೋಡಿ ಕನ್ಯಾನ ಇನ್ನೊಂದು, ಕೋಡಿಬೆಂಗ್ರೆ ಮತ್ತೊಂದು. "ಕೋಡಿಯಲ್ಲಿ ನೀರು ನುಗ್ಗಿದೆ" ಎಂದಷ್ಟೇ ಬರೆದುಕೊಂಡ ಮುಯ್ಯಾಳು ಏನನ್ನೂ ಬರೆದುಕೊಂಡಂತಾಗಲಿಲ್ಲ.

ಮುಯ್ಯಾಳು ಮಾಡತಕ್ಕ ಕೆಲಸ

ಪ್ರತಿ ಕರೆಯಲ್ಲಿಯೂ ಆರು ಸಂಗತಿಗಳನ್ನು ಇದೇ ಕ್ರಮದಲ್ಲಿ ಕೇಳಿ ಬರೆದುಕೊಳ್ಳತಕ್ಕದ್ದು.

1. ಮರಳಿ ಕರೆಯಬೇಕಾದ ದೂರವಾಣಿ ಸಂಖ್ಯೆ. ಮಾತು ಅರ್ಧದಲ್ಲಿ ಕಡಿದುಹೋಗುವ ಸಂಭವವಿರುವುದರಿಂದ ಇದು ಮೊದಲು.

2. ತಾಲೂಕು, ಗ್ರಾಮ, ಕೇರಿ, ಮತ್ತು ಹತ್ತಿರದ ಗುರುತು: ಶಾಲೆ, ದೇವಸ್ಥಾನ, ಮಸೀದಿ, ಇಗರ್ಜಿ, ಸಂಕ, ಅಂಗಡಿ.

3. ಅಪಾಯದ ಸ್ವರೂಪ: ನೀರು, ಮಣ್ಣು ಕುಸಿತ, ಮರ, ತಂತಿ, ಕಾಯಿಲೆ.

4. ಅಲ್ಲಿರುವವರ ಸಂಖ್ಯೆ; ಅವರಲ್ಲಿ ಮಕ್ಕಳು, ವೃದ್ಧರು, ಗರ್ಭಿಣಿಯರು, ಹಾಸಿಗೆ ಹಿಡಿದವರು ಎಷ್ಟು.

5. ನೀರು ಏರುತ್ತಿದೆಯೇ, ಇಳಿಯುತ್ತಿದೆಯೇ.

6. ಕರೆಯುವವನ ಹೆಸರು, ಅವನು ಸ್ವತಃ ಅಲ್ಲಿರುವನೋ, ಪರರ ಪರವಾಗಿ ಕರೆಯುತ್ತಿರುವನೋ.

ಬರೆದುಕೊಂಡುದನ್ನು ಕರೆದವನಿಗೆ ಓದಿಹೇಳಿ, ದಾಖಲೆಯ ಸಂಖ್ಯೆಯನ್ನು ತಿಳಿಸತಕ್ಕದ್ದು. ಅದೇ ಮನೆಯಿಂದ ಎರಡನೆಯ ಕರೆ ಬಂದರೆ ಹೊಸ ಸಂಖ್ಯೆ ಕೊಡದೆ ಹಳೆಯದಕ್ಕೇ ಸೇರಿಸತಕ್ಕದ್ದು. "ಇನ್ನರ್ಧ ಗಂಟೆಯಲ್ಲಿ ದೋಣಿ ಬರುವುದು" ಎಂಬಂಥ ವಾಗ್ದಾನವನ್ನು ಮುಯ್ಯಾಳು ಎಂದಿಗೂ ಕೊಡಕೂಡದು. ಅದನ್ನು ನಂಬಿ ಕುಳಿತವನು ತಾನಾಗಿ ಎತ್ತರದ ನೆಲಕ್ಕೆ ಹೋಗಬಹುದಾದ ಹೊತ್ತನ್ನು ಕಳೆದುಕೊಳ್ಳುವನು. ದೋಣಿ ಎಲ್ಲಿಗೆ ಮೊದಲು ಹೋಗಬೇಕೆಂಬ ನಿರ್ಣಯವು ನೆಲವನ್ನು ಬಲ್ಲ ಸ್ಥಳೀಯ ಅಧಿಕಾರಿಗೇ ಸೇರಿದ್ದು. ಮುಯ್ಯಾಳು ಕೇಳುವನು, ಬರೆಯುವನು, ಒಪ್ಪಿಸುವನು. ಅಲ್ಲಿಗೆ ಅವನ ಕೆಲಸ ಪೂರೈಸಿತು.

ಪಾಳಿಯು 8 ಗಂಟೆಗಳನ್ನು ಮೀರಬಾರದು. ಪಾಳಿ ಬದಲಾಗುವಾಗ ಮುಗಿಯದೆ ಉಳಿದ ಕರೆಗಳನ್ನು ಒಂದೊಂದಾಗಿ ಓದಿ ಒಪ್ಪಿಸತಕ್ಕದ್ದು. ಬಂದವರ ಊಟ, ವಸತಿ, ಒಣಬಟ್ಟೆಗಳ ಹೊಣೆಯು ಕರೆಸಿಕೊಂಡ ತಾಲೂಕಿನದು. ಯಾವ ತಾಲೂಕಿನವರು ಯಾವ ತಾಲೂಕಿಗೆ ಎಷ್ಟು ಪಾಳಿ ದುಡಿದರೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಆಪತ್ತಿನಲ್ಲಿ ಮುಯ್ಯಿ ತೀರಿಸುವುದಕ್ಕೆ ಅನುಕೂಲವಾಗುವುದು.

ಗ್ರಾಮದ ಮುಖಂಡರು ಮಾಡತಕ್ಕದ್ದು

ಕೊಠಡಿಯಲ್ಲಿ ಎಷ್ಟೇ ಆಳುಗಳಿದ್ದರೂ ಗ್ರಾಮದಿಂದ ಸರಿಯಾದ ವರ್ತಮಾನ ಬಾರದಿದ್ದರೆ ಪ್ರಯೋಜನವಿಲ್ಲ. ಒಂದೇ ಬಯಲಿನ ನೆರೆಗಾಗಿ ಐವತ್ತು ಮನೆಯವರು ಐವತ್ತು ಸಲ ಕರೆಯುವ ಬದಲು, ಕೇರಿಗೆ ಒಬ್ಬನಂತೆ ನೇಮಿಸಲ್ಪಟ್ಟ ವರ್ತಮಾನದವನು ಎಲ್ಲ ಮನೆಗಳ ಸ್ಥಿತಿಯನ್ನು ಒಟ್ಟುಗೂಡಿಸಿ ಒಂದೇ ಕರೆಯಲ್ಲಿ ತಿಳಿಸಿದರೆ ಉಳಿದ ದಾರಿಯು ಇತರರಿಗೆ ತೆರೆದಿರುವುದು. ಪ್ರಾಣಾಪಾಯದಲ್ಲಿರುವವನು ಮಾತ್ರ ಯಾರಿಗೂ ಕಾಯದೆ ತಾನೇ ಕರೆಯತಕ್ಕದ್ದು.

ಪ್ರತಿ ಗ್ರಾಮಕ್ಕೂ ಒಂದು ಪಟ್ಟಿ ಬೇಕು. ಅದರಲ್ಲಿ ತಗ್ಗಿನ ಮನೆಗಳು, ಕುದ್ರುವಿನ ಮನೆಗಳು, ಗುಡ್ಡದಡಿಯ ಮನೆಗಳು, ನಡೆಯಲಾರದವರು, ಜಾನುವಾರುಗಳ ಸಂಖ್ಯೆ, ದೋಣಿಯುಳ್ಳವರು, ಮರ ಕೊಯ್ಯುವ ಯಂತ್ರವುಳ್ಳವರು, ಜೀಪು ಟ್ರಾಕ್ಟರುಗಳುಳ್ಳವರು ಇವರ ವಿವರವಿರಬೇಕು. ಊರಿನ ಜನರ ಬಾಯಲ್ಲಿರುವ ಸ್ಥಳನಾಮ ಒಂದು, ಸರ್ಕಾರದ ಕಾಗದದಲ್ಲಿರುವುದು ಇನ್ನೊಂದು ಆಗಿದ್ದರೆ ಎರಡನ್ನೂ ಬರೆಯತಕ್ಕದ್ದು. ಇದರ ಒಂದು ಪ್ರತಿಯು ಗ್ರಾಮ ಪಂಚಾಯತಿನಲ್ಲಿಯೂ, ಒಂದು ಸ್ವಂತ ತಾಲೂಕಿನ ಕೊಠಡಿಯಲ್ಲಿಯೂ, ತಲಾ ಒಂದು ಮುಯ್ಯಾಳು ಕಳುಹಿಸುವ ಎರಡು ತಾಲೂಕುಗಳ ಕೊಠಡಿಗಳಲ್ಲಿಯೂ ಇರತಕ್ಕದ್ದು. ಈ ಪಟ್ಟಿಯೊಂದು ಕೈಯಲ್ಲಿದ್ದರೆ ಪರತಾಲೂಕಿನವನು ಕೂಡ ಊರಿನವನಂತೆಯೇ ಕೇಳಬಲ್ಲನು.

ಕಾಲುಸಂಕಗಳನ್ನು ಈ ಪಟ್ಟಿಯಲ್ಲಿ ಮರೆಯಕೂಡದು. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಗ್ರಾಮವೊಂದರಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋಗಿ ಮೃತಳಾದಳು. ಇಂಥ ಸಂಕಗಳ ಮಟ್ಟಕ್ಕೆ ನೀರು ಬಂದೊಡನೆ ಶಾಲೆಗೂ ಕೊಠಡಿಗೂ ವರ್ತಮಾನ ಕೊಡುವ ಹೊಣೆಯನ್ನು ಸಮೀಪದ ಮನೆಯವರೊಬ್ಬರಿಗೆ ಹೆಸರು ಹಿಡಿದು ವಹಿಸಿಕೊಡತಕ್ಕದ್ದು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಆಗುವುದಿಲ್ಲ.

ಭೂಮಾಲೀಕರು ಮಾಡತಕ್ಕದ್ದು

ಭೂಮಾಲೀಕರಿಂದ ಬರುವ ಕರೆಗಳಲ್ಲಿ ಬೆಳೆನಷ್ಟದವು ಅನೇಕ. ತೆನೆ ಬಿಡುವ ಭತ್ತವು ನೀರಿನಡಿಯಾದಾಗ, ಫಲಕ್ಕೆ ಬಂದ ಅಡಕೆಮರಗಳು ಸಾಲಾಗಿ ಉರುಳಿದಾಗ ಮನಸ್ಸು ತಡೆಯದೆಂಬುದು ಸಹಜವೇ. ಆದರೆ ನೆರೆಯ ರಾತ್ರಿ ಈ ವಿಷಯಕ್ಕಾಗಿ 1077 ಅಥವಾ 112ನ್ನು ಕರೆಯುವುದರಿಂದ ಬೆಳೆಯು ಉಳಿಯುವುದಿಲ್ಲ. ಪ್ರಾಣಾಪಾಯದಲ್ಲಿರುವವನ ಕರೆಗೆ ಮಾತ್ರ ಅಡ್ಡಿಯಾಗುವುದು. ನೀರಿಳಿದ ಮೇಲೆ, ತಡಮಾಡದೆ, ಸರ್ವೆ ನಂಬರು, ಹಾನಿಯಾದ ವಿಸ್ತೀರ್ಣ, ಭಾವಚಿತ್ರ, ರೈತ ನೋಂದಣಿಯ ಸಂಖ್ಯೆ ಇವುಗಳೊಡನೆ ಗ್ರಾಮ ಆಡಳಿತಾಧಿಕಾರಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿದರೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಕೂಡಿ ಪರಿಶೀಲಿಸುವರು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚಿನ ಬೆಳೆನಷ್ಟಕ್ಕೆ, 2 ಹೆಕ್ಟೇರುಗಳ ಮಿತಿಗೊಳಪಟ್ಟು, ಸಹಾಯಧನವಿದೆ. ಈ ಕೆಲಸಕ್ಕೆ ಹಗಲು ಸಾಕು.

ತೋಟದಲ್ಲಿ ತಂತಿ ಕಡಿದು ಬಿದ್ದಿದ್ದರೆ ಅದು ಬೆಳೆಯ ವಿಷಯವಲ್ಲ, ಪ್ರಾಣದ ವಿಷಯ. ಅದನ್ನು ಮುಟ್ಟದೆ, ಆಳುಗಳನ್ನೂ ದನಗಳನ್ನೂ ಆ ಕಡೆಗೆ ಬಿಡದೆ, ಕೂಡಲೇ 1912ಕ್ಕೆ ತಿಳಿಸತಕ್ಕದ್ದು. ಬಿರುಗಾಳಿಯ ಮುನ್ಸೂಚನೆ ಬಂದ ದಿನ ಮನೆಯ ದೂರವಾಣಿಗಳನ್ನು ಪೂರ್ಣವಾಗಿ ಚಾರ್ಜು ಮಾಡಿಟ್ಟುಕೊಂಡು, ಇನ್ವರ್ಟರು ಅಥವಾ ಜನರೇಟರು ಉಳ್ಳವರು ನೆರೆಹೊರೆಯವರ ದೂರವಾಣಿಗಳಿಗೂ ಅವಕಾಶ ಕೊಟ್ಟರೆ ಅದೂ ಒಂದು ಮುಯ್ಯಿಯೇ. ಮಾತು ಹೋಗದ ಕಡೆಯಲ್ಲಿ ಕಿರುಸಂದೇಶವು ಹೋಗುವುದುಂಟು, ಅದನ್ನು ಪ್ರಯತ್ನಿಸತಕ್ಕದ್ದು.

ಎರಡು ಎಚ್ಚರಿಕೆಗಳು

ಮೊದಲನೆಯದು, ಸುಳ್ಳು ವರ್ತಮಾನ. ಅಣೆಕಟ್ಟು ಒಡೆಯಿತೆಂದೋ, ಸೇತುವೆ ಬಿದ್ದಿತೆಂದೋ ವಿಚಾರಿಸದೆ ಹಬ್ಬಿಸಿದ ಒಂದು ಸುದ್ದಿಯು ಕೊಠಡಿಯ ಎಲ್ಲ ದೂರವಾಣಿಗಳನ್ನೂ ಒಂದು ಗಂಟೆ ಕಟ್ಟಿಹಾಕಬಲ್ಲುದು. ವಿಪತ್ತಿನ ಕುರಿತು ಭಯ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಹಬ್ಬಿಸುವವರಿಗೆ 2005ರ ಅಧಿನಿಯಮದ 54ನೆಯ ಪ್ರಕರಣದಂತೆ ಒಂದು ವರ್ಷದವರೆಗಿನ ಕಾರಾಗೃಹವಾಸ ಅಥವಾ ದಂಡ ವಿಧಿಸಬಹುದಾಗಿದೆ.

ಎರಡನೆಯದು, ಇದಕ್ಕಿಂತ ಸೂಕ್ಷ್ಮವಾದುದು. ಊರಿನಲ್ಲಿ ಪ್ರತಿಷ್ಠೆಯುಳ್ಳವರು ಕೊಠಡಿಯ ಸಾಲನ್ನು ದಾಟಿ, ಪರಿಚಯದ ಅಧಿಕಾರಿಗೆ ನೇರವಾಗಿ ಹೇಳಿ, ಇರುವ ಒಂದೇ ದೋಣಿಯನ್ನೋ ಒಂದೇ ಯಂತ್ರವನ್ನೋ ತಮ್ಮ ಕಡೆಗೆ ತಿರುಗಿಸಿಕೊಳ್ಳುವುದುಂಟು. ದೊಡ್ಡ ಮನೆಯು ಸಾಮಾನ್ಯವಾಗಿ ಎತ್ತರದ ನೆಲದಲ್ಲಿರುವುದು. ಕೂಲಿಯವನ ಗುಡಿಸಲು ತಗ್ಗಿನಲ್ಲಿರುವುದು. ನೀರು ಮೊದಲು ಹೋಗುವುದು ಗುಡಿಸಲಿಗೆ. ಅವನಿಗೆ ಪರಿಚಯದ ಅಧಿಕಾರಿಯಿಲ್ಲ. ಅವನಿಗಿರುವುದು ಆ ಸಂಖ್ಯೆಯೊಂದೇ. ಪರತಾಲೂಕಿನ ಮುಯ್ಯಾಳಿಗೆ ಊರಿನ ದೊಡ್ಡವರ ಹೆಸರುಗಳು ತಿಳಿಯದಿರುವುದು ಈ ವಿಷಯದಲ್ಲಿ ಒಂದು ಗುಣವೇ ಆಗಿದೆ. ಅವನು ಅಪಾಯದ ಪ್ರಮಾಣವನ್ನಷ್ಟೇ ಬರೆಯುವನು. ಗ್ರಾಮದ ಮುಖಂಡರು ತಾವೇ ಮುಂದಾಗಿ ಈ ಸಾಲನ್ನು ಕಾಪಾಡಿದರೆ ಊರಿನಲ್ಲಿ ಆ ಸಂಖ್ಯೆಯ ಮೇಲೆ ನಂಬಿಕೆ ನೆಲೆಯಾಗುವುದು. ನಂಬಿಕೆಯಿಲ್ಲದ ಕಡೆಯಲ್ಲಿ ಜನರು ಕರೆಯುವುದೇ ಇಲ್ಲ, ಅಥವಾ ಹೊತ್ತು ಮೀರಿದ ಮೇಲೆ ಕರೆಯುವರು.

ಉಪಸಂಹಾರ

ಮೃಗಶಿರೆ ಮಳೆ ಕಾಲಿಡುವುದು ಜೂನ್ ಮೊದಲ ವಾರದ ಸುಮಾರಿಗೆ. ಅದಕ್ಕೆ ಮೊದಲು, ಗದ್ದೆಯ ಅಂಚು ಕಡಿದು ತೋಡು ಬಿಡಿಸುವ ದಿನಗಳಲ್ಲಿಯೇ, ಪ್ರತಿ ಗ್ರಾಮದಲ್ಲಿಯೂ ಮೂರು ಕೆಲಸಗಳು ಆಗಬೇಕು: ಮೇಲೆ ಹೇಳಿದ ಪಟ್ಟಿಯನ್ನು ಬರೆದು ಪಂಚಾಯತಿಗೆ ಒಪ್ಪಿಸುವುದು, ಕೇರಿಗೊಬ್ಬ ವರ್ತಮಾನದವನನ್ನು ನೇಮಿಸುವುದು, ಕರೆಕೊಠಡಿಗೆ ಮುಯ್ಯಾಳಾಗಿ ಬರಬಲ್ಲ ಒಬ್ಬಿಬ್ಬರ ಹೆಸರುಗಳನ್ನು ತಹಶೀಲ್ದಾರರಿಗೆ ಬರೆದುಕೊಡುವುದು. ಇವುಗಳಿಗೆ ಹಣ ಬೇಕಾಗಿಲ್ಲ. ಎರಡು ಸಂಜೆಗಳ ಹೊತ್ತು ಸಾಕು.

ನಟ್ಟಿಯ ಹೊತ್ತಿಗೆ ಮುಯ್ಯಾಳನ್ನು ಹುಡುಕಲು ಹೊರಟವನಿಗೆ ಆಳು ಸಿಕ್ಕುವುದಿಲ್ಲವೆಂಬುದು ಪ್ರತಿ ಬೇಸಾಯಗಾರನಿಗೂ ಗೊತ್ತಿರುವ ಮಾತು; ಬೀಜ ಬಿತ್ತುವಾಗಲೇ ಮಾತಾಡಿಟ್ಟುಕೊಂಡಿರಬೇಕು. ಕರೆಕೊಠಡಿಯ ಮುಯ್ಯಾಳಿಗೂ ಇದೇ ಕ್ರಮ. ಬೈಂದೂರಿನ ಬಯಲು ಮುಳುಗಿದ ರಾತ್ರಿ ಬ್ರಹ್ಮಾವರದವನೊಬ್ಬನು ಎಚ್ಚರವಾಗಿ ಕುಳಿತು ಉತ್ತರ ಕೊಡುವನೆಂಬ ಭರವಸೆಯು ಬೇಸಿಗೆಯಲ್ಲಿಯೇ ಏರ್ಪಟ್ಟಿದ್ದರೆ, ಕುದ್ರುವಿನ ಮನೆಯ ದೂರವಾಣಿಯು ಉತ್ತರವಿಲ್ಲದೆ ಬಡಿದುಕೊಳ್ಳುವ ಪ್ರಸಂಗವು ತಪ್ಪುವುದು.